ರಾಜಾಜಿನಗರದಲ್ಲೊಂದು ರೊಟ್ಟಿಯೂಟ

ಕಳೆದ ಭಾನುವಾರ ನಾವು ಸಕುಟುಂಬರಾಗಿ ರಾಜಾಜಿನಗರದ ಒಂದು ಪುಟ್ಟ ಖಾನಾವಳಿಗೆ ಹೋಗಿದ್ದೆವು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದ ಮೇಲೆ ನಿಂತುಕೊಂಡೇ ತಿನ್ನುವ ಪದ್ಧತಿ ಬೆಂಗಳೂರನ್ನೆಲ್ಲ ವ್ಯಾಪಿಸಿತು. ಇಲ್ಲಿ ಮಾತ್ರ ವೃದ್ಧರೂ ನೆಮ್ಮದಿಯಿಂದ ಕುಳಿತು ಉಣ್ಣಬಹುದು.

ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ನೀರು ಹೊಯ್ದು ನಾದಿದರಷ್ಟೇ ರೊಟ್ಟಿ ಒಡೆಯದೆ ಅಗಲವಾಗುತ್ತದೆ. ಬಡಿಯುವ ತಾಯಂದಿರ ಅಂಗೈಗೆ ಮಾತ್ರ ತಿಳಿದ ಹದವದು. ಜೊತೆಗೆ ಬದನೆ ಎಣ್ಣೆಗಾಯಿ, ಜುಣಕ, ಶೇಂಗಾ ಚಟ್ನಿಪುಡಿ, ಕೆನೆಮೊಸರು. ಊರು ಬಿಟ್ಟು ಬಂದಂದಿನಿಂದ ಅರೆಹೊಟ್ಟೆಯಲ್ಲೇ ಏಳುತ್ತಿದ್ದ ನಮ್ಮ ಮನೆಯ ಹಿರಿಯರು ಮೂರನೆಯ ರೊಟ್ಟಿಯನ್ನು ತಾವಾಗಿಯೇ ಕೇಳಿದರು!

ಒಲೆಯ ಮುಂದಿದ್ದವರು ಅರವತ್ತು ದಾಟಿದ ತಾಯಿ. ಮಗಳಿಗೆ ಈ ವಿದ್ಯೆ ಕಲಿಸಿಲ್ಲವೇ ಎಂದು ಕೇಳಿದೆವು. ಆಕೆ ಈಗ ಬಡಿಯುವುದು ಕಂಪ್ಯೂಟರನ್ನು ಎಂದು ನಕ್ಕು, ಇನ್ನೊಂದು ಬಿಸಿರೊಟ್ಟಿಯನ್ನು ನಮ್ಮ ತಟ್ಟೆಗೆ ನೀಡಿದರು.