ಬಿದ್ದ ಹಕ್ಕಿಗೆ ಮೊದಲ ಮದ್ದು ಕತ್ತಲು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ತೋಟದ ಮನೆಗಳಲ್ಲಿ ಗಾಯಗೊಂಡ ಹಕ್ಕಿ ಸಿಕ್ಕರೆ ಮನೆಮಂದಿಯೆಲ್ಲ ಸುತ್ತ ಸೇರುತ್ತಾರೆ. ಒಬ್ಬರು ನೀರು ತಂದರೆ ಇನ್ನೊಬ್ಬರು ಅನ್ನ ತರುತ್ತಾರೆ, ಮಕ್ಕಳು ಮೊಬೈಲು ಹಿಡಿಯುತ್ತಾರೆ. ಕನಿಕರವೇನೋ ನಿಜ, ಆದರೆ ಆ ಗಡಿಬಿಡಿಯೇ ಹಕ್ಕಿಯ ಜೀವಕ್ಕೆ ಎರವಾಗುವುದುಂಟು.

ತಪ್ಪು ಕಲ್ಪನೆ 1: ಮೊದಲು ಬಾಯಿಗೆ ನೀರು ಬಿಡಬೇಕು.
ವಾಸ್ತವ: ಹಕ್ಕಿಯ ಶ್ವಾಸನಾಳದ ಬಾಯಿ ಇರುವುದು ನಾಲಗೆಯ ಬುಡದಲ್ಲೇ. ಕೊಕ್ಕು ಬಿಡಿಸಿ ಹೊಯ್ದ ನೀರು ನೇರ ಅಲ್ಲಿಗೆ ಇಳಿಯಬಹುದು. ಹಾಲು ಬೇಡವೇ ಬೇಡ, ಅದು ಹಕ್ಕಿಗೆ ಜೀರ್ಣವಾಗದು. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೇ ಬಟ್ಟೆ ಹಾಸಿ, ಹಕ್ಕಿಯನ್ನಿಟ್ಟು ಮುಚ್ಚಿ, ಸದ್ದಿಲ್ಲದ ಕಡೆ ಇಡಿ. ಕತ್ತಲಲ್ಲಿ ಹೆದರಿಕೆ ಇಳಿಯುತ್ತದೆ. ಗಾಜಿಗೆ ಬಡಿದು ಮಂಕಾದ ಹಕ್ಕಿ ಒಂದೆರಡು ಗಂಟೆಯಲ್ಲಿ ತಾನೇ ಚೇತರಿಸಿಕೊಳ್ಳುವುದೂ ಇದೆ.

ತಪ್ಪು ಕಲ್ಪನೆ 2: ಕೈ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ.
ವಾಸ್ತವ: ಮನುಷ್ಯರ ವಾಸನೆ ತಾಗಿತೆಂದು ಹಕ್ಕಿಗಳು ಮರಿಯನ್ನು ಬಿಟ್ಟುಹೋಗುವುದಿಲ್ಲ. ಪುಕ್ಕ ಬಂದು ಅಂಗಳದಲ್ಲಿ ಕುಪ್ಪಳಿಸುವ ಪಿಕಳಾರದ ಮರಿ ಹೆಚ್ಚಾಗಿ ಹಾರಲು ಕಲಿಯುತ್ತಿರುವಂಥದ್ದು. ಬೆಕ್ಕಿಗೆ ಎಟುಕದ ಗೆಲ್ಲಿನಲ್ಲಿ ಕೂರಿಸಿ ದೂರ ಸರಿಯಿರಿ.

ತಪ್ಪು ಕಲ್ಪನೆ 3: ಬಣ್ಣವೊಂದನ್ನೇ ನೋಡಿದರೆ ಯಾವ ಹಕ್ಕಿಯೆಂದು ತಿಳಿಯುತ್ತದೆ.
ವಾಸ್ತವ: ಬಿಳಿ ತಲೆಯ ಗರುಡ ಎಳೆಯದಾಗಿದ್ದಾಗ ಹದ್ದಿನಂತೆ ಕಂದು. ಬಾಲ ನೋಡಿ: ಹದ್ದಿನದು ಕವಲು, ಗರುಡನದು ದುಂಡು. ಎರಡನ್ನೂ ದಪ್ಪ ಟವೆಲು ಹೊದಿಸಿಯೇ ಹಿಡಿಯಬೇಕು. ಕೊಕ್ಕಿಗಿಂತ ಉಗುರು ಅಪಾಯ. ಮೈತುಂಬ ಬಿಳಿ ಚುಕ್ಕಿ, ಕೆಂಪು ಕಣ್ಣು ಇದ್ದರೆ ಗಿಡುಗವಲ್ಲ, ಹೆಣ್ಣು ಕೋಗಿಲೆ. ಹಸಿರು ಬೆನ್ನು, ಕೆಂಪು ಕೆಳಹೊಟ್ಟೆ, ಮೋಟು ಬಾಲದ ಹಕ್ಕಿ ಯಾರದೋ ಪಂಜರದಿಂದ ತಪ್ಪಿಸಿಕೊಂಡದ್ದಲ್ಲ. ಅದು ನವರಂಗ. ಮಳೆಗಾಲ ಕಳೆದ ಮೇಲೆ ಉತ್ತರದಿಂದ ರಾತ್ರಿ ಹಾರಿ ಬರುವಾಗ ದೀಪಕ್ಕೆ ಕಂಗೆಟ್ಟು ಗೋಡೆಗೆ ಬಡಿಯುತ್ತದೆ.

ತಪ್ಪು ಕಲ್ಪನೆ 4: ಗೂಬೆಗೆ ಹಗಲು ಕಣ್ಣು ಕಾಣದು, ಮನೆ ಹೊಕ್ಕರೆ ಅಪಶಕುನ.
ವಾಸ್ತವ: ಹಗಲೂ ಕಾಣುತ್ತದೆ. ಕಾಗೆಗಳು ಅಟ್ಟಿದ್ದಕ್ಕೆ ಒಳಗೆ ಬಂದಿರುತ್ತದೆ. ಗಾಯವಿಲ್ಲದಿದ್ದರೆ ಸಂಜೆ ಕಿಟಕಿ ತೆರೆದಿಡಿ. ಹೋಗಿ ನಿಮ್ಮದೇ ತೋಟದ ಇಲಿ ಹಿಡಿಯುತ್ತದೆ.

ತಪ್ಪು ಕಲ್ಪನೆ 5: ಗುಣವಾಗುವ ತನಕ ಮನೆಯಲ್ಲೇ ಸಾಕಿದರಾಯಿತು.
ವಾಸ್ತವ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯನ್ನು ಇಟ್ಟುಕೊಳ್ಳುವಂತಿಲ್ಲ. ಅಲ್ಲದೆ ಹಕ್ಕಿಯ ಮೂಳೆ ಬೇಗ ಕೂಡುತ್ತದೆ. ಸೊಟ್ಟಗೆ ಕೂಡಿದರೆ ಮತ್ತೆ ಹಾರಾಟವಿಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ಹತ್ತಿರದ ವಲಯ ಕಚೇರಿಗೆ ಅಂದೇ ತಿಳಿಸಿ.

ಕಳಿಸುವ ಮುಂಚೆ ಪೆಟ್ಟಿಗೆಯ ಮೇಲೆ ಹಕ್ಕಿ ಸಿಕ್ಕ ಜಾಗ, ಹೊತ್ತು ಬರೆಯಿರಿ. ವಾಸಿಯಾದ ಮೇಲೆ ಅದನ್ನು ಬಿಡಬೇಕಾದದ್ದು ಅದೇ ತೋಟದ ಬದಿಯಲ್ಲಿ. ವಲಸೆ ಹಕ್ಕಿಯಲ್ಲದಿದ್ದರೆ ಅದರ ಜೋಡಿ, ಗೂಡು ಹೆಚ್ಚಾಗಿ ಇರುವುದು ಅಲ್ಲೇ.