ಬಸುರಿ, ಬಾಣಂತಿ, ಕೂಸಿನ ಔಷಧಗಳು: ಯಾವುದಕ್ಕೆ ಯಾವ ಹೊತ್ತು



ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳಲ್ಲಿ ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವ ವಾಡಿಕೆ ಇನ್ನೂ ಉಳಿದಿದೆ. ಆರೇಳು ತಿಂಗಳವರೆಗೆ ಇಲ್ಲಿಯ ಆಸ್ಪತ್ರೆಯ ಮಾತ್ರೆ. ಅನಂತರ ಅಮರಾವತಿ ಎಕ್ಸ್‌ಪ್ರೆಸ್ಸು ಹತ್ತಿ ಬಳ್ಳಾರಿಗೋ ಗದಗಿಗೋ ಹುಬ್ಬಳ್ಳಿಗೋ ಪ್ರಯಾಣ. ಅಲ್ಲಿ ಬೇರೆ ಡಾಕ್ಟರು, ಬೇರೆ ಮಾತ್ರೆ. ಯಾವ ಔಷಧವನ್ನು ಏತಕ್ಕೆ ಕೊಟ್ಟರು, ಎಲ್ಲಿಯವರೆಗೆ ನುಂಗಬೇಕು ಎಂಬುದು ಎಷ್ಟೋ ಮನೆಗಳಲ್ಲಿ ಯಾರಿಗೂ ತಿಳಿದಿರುವುದಿಲ್ಲ. ನಾವು ವೈದ್ಯರಲ್ಲ; ಗಿರಣಿಯಲ್ಲಿ ಗುಮಾಸ್ತರಾಗಿದ್ದು, ಬಿಡುವಿನಲ್ಲಿ ಈ ವಾಚನಾಲಯದ ಸೇವೆ ಮಾಡುವವರು. ಓದಿ ತಿಳಿದುದನ್ನು ಕ್ರಮವಾಗಿ ಇಲ್ಲಿ ಬರೆದಿದ್ದೇವೆ. ಹೇಳಬೇಕಾದ ಮುಖ್ಯ ಮಾತು ಒಂದೇ: ಪ್ರತಿಯೊಂದು ಔಷಧಕ್ಕೂ ಅದರದೇ ಆದ ಹೊತ್ತು ಉಂಟು. ಹೊತ್ತು ತಪ್ಪಿದರೆ ಅದು ನಿಷ್ಫಲ. ಕೆಲವು ವೇಳೆ ಅಪಾಯವೂ ಹೌದು.

ಬಸಿರು ನಿಲ್ಲುವ ಮೊದಲೇ

ಎಲ್ಲಕ್ಕಿಂತ ಮೊದಲು ಬೇಕಾದುದು ಫೋಲಿಕ್ ಆಮ್ಲ. ಇದರ ಕಥೆ ಗಿರಣಿಯವರಿಗೂ ಆಂಧ್ರದಲ್ಲಿರುವವರಿಗೂ ಹತ್ತಿರದ್ದು. ೧೯೨೮ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಬಸುರಿಯರನ್ನು ಕಾಡುತ್ತಿದ್ದ ಕಠಿಣ ರಕ್ತಹೀನತೆಯನ್ನು ಪರಿಶೀಲಿಸಿದರು. ಯೀಸ್ಟಿನ ಸಾರವನ್ನು ತಿನ್ನಿಸಿದಾಗ ಅವರು ಚೇತರಿಸಿಕೊಂಡರು. ೧೯೩೧ರಲ್ಲಿ ಈ ಸಂಗತಿ ಪ್ರಕಟವಾಯಿತು. ಆ ಸಾರದಲ್ಲಿದ್ದ ಗುಣಕಾರಿ ವಸ್ತುವೇ ಫೋಲಿಕ್ ಆಮ್ಲವೆಂದು ಮುಂದೆ ತಿಳಿಯಿತು. ೧೯೪೫ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದವರು ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯವರು. ಆ ಸಂಶೋಧನೆಯ ನೇತೃತ್ವ ವಹಿಸಿದ್ದವರು ೧೮೯೫ರಲ್ಲಿ ಇದೇ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು.

ಕೂಸಿನ ಮಿದುಳು, ಬೆನ್ನುಹುರಿಗಳು ರೂಪುಗೊಳ್ಳುವ ನಾಳವು ಗರ್ಭ ಕಟ್ಟಿದ ಮೊದಲ ನಾಲ್ಕು ವಾರಗಳಲ್ಲೇ ಮುಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ತಾನು ಬಸುರಿ ಎಂಬುದೇ ಅನೇಕರಿಗೆ ಗೊತ್ತಿರುವುದಿಲ್ಲ. ಆದುದರಿಂದ ಮಗು ಬೇಕೆಂದು ಎಣಿಸಿದಾಗಲೇ ಆರಂಭಿಸಿ ಮೂರು ತಿಂಗಳು ತುಂಬುವವರೆಗೆ ದಿನಕ್ಕೆ ೪೦೦ ಮೈಕ್ರೋಗ್ರಾಮಿನ ಫೋಲಿಕ್ ಮಾತ್ರೆ ಸೇವಿಸಬೇಕು. ಹಿಂದೆ ಬೆನ್ನುಹುರಿಯ ದೋಷವಿದ್ದ ಕೂಸು ಹುಟ್ಟಿದ್ದರೆ ಡಾಕ್ಟರರು ಹೆಚ್ಚು ಪ್ರಮಾಣ ಬರೆಯುತ್ತಾರೆ. ಅಂಥ ತಾಯಂದಿರಲ್ಲಿ ಈ ದೋಷ ಮರುಕಳಿಸುವುದು ಸುಮಾರು ಮುಕ್ಕಾಲು ಪಾಲು ತಪ್ಪುತ್ತದೆಂದು ೧೯೯೧ರಲ್ಲಿ ಬ್ರಿಟನ್ನಿನ ಪರೀಕ್ಷೆಯೊಂದು ತೋರಿಸಿತು.

ನಾಲ್ಕನೆಯ ತಿಂಗಳಿನಿಂದ

ಈಗ ಕಬ್ಬಿಣದ ಮಾತ್ರೆಯ ಸರದಿ. ನಮ್ಮ ಸರ್ಕಾರ ೧೯೭೦ರಿಂದ ಇದನ್ನು ಬಸುರಿಯರಿಗೆ ಹಂಚುತ್ತ ಬಂದಿದೆ. ದಿನಕ್ಕೊಂದರಂತೆ ೧೮೦ ದಿನ, ಹೆರಿಗೆಯಾದ ಮೇಲೆ ಮತ್ತೆ ೧೮೦ ದಿನ. ಒಂದು ಮಾತ್ರೆಯಲ್ಲಿ ೬೦ ಮಿಲಿಗ್ರಾಮ್ ಕಬ್ಬಿಣ, ೫೦೦ ಮೈಕ್ರೋಗ್ರಾಮ್ ಫೋಲಿಕ್ ಆಮ್ಲ ಇರುತ್ತವೆ. ಮಲ ಕಪ್ಪಾಯಿತೆಂದು, ಹೊಟ್ಟೆ ತೊಳಸಿತೆಂದು ಮಾತ್ರೆಯನ್ನು ಡಬ್ಬಿಯಲ್ಲಿ ಮುಚ್ಚಿಡುವವರೇ ಬಹಳ. ಮಲ ಕಪ್ಪಾಗುವುದು ಸಹಜ, ಹೆದರಬೇಕಾಗಿಲ್ಲ. ಹೊಟ್ಟೆ ತೊಳಸಿದರೆ ರಾತ್ರಿ ಊಟದ ಮೇಲೆ ನುಂಗಬಹುದು. ಕಾಫಿ, ಚಹ, ಹಾಲಿನೊಡನೆ ಮಾತ್ರ ಬೇಡ. ಕಬ್ಬಿಣ ಮೈಗೆ ಹತ್ತುವುದಿಲ್ಲ. ನಿಂಬೆಯ ಪಾನಕದೊಡನೆ ಚೆನ್ನಾಗಿ ಹತ್ತುತ್ತದೆ. ಕ್ಯಾಲ್ಸಿಯಂ ಮಾತ್ರೆ ದಿನಕ್ಕೆ ಎರಡು, ಊಟದ ಜೊತೆಗೆ. ಅದಕ್ಕೂ ಕಬ್ಬಿಣಕ್ಕೂ ಎರಡು ಗಂಟೆಯಾದರೂ ಅಂತರವಿರಲಿ. ಹೆರಿಗೆಯಲ್ಲಿ ಹೋಗುವ ರಕ್ತವನ್ನು ತಾಳಿಕೊಳ್ಳುವ ಶಕ್ತಿ ಈ ತಿಂಗಳುಗಳಲ್ಲೇ ಕೂಡಬೇಕು. ಬೇನೆ ಬಂದ ದಿನ ಮಾತ್ರೆ ನುಂಗಿದರೆ ಬರುವುದಿಲ್ಲ.

ಧನುರ್ವಾಯುವಿನ ಚುಚ್ಚುಮದ್ದು ನಾಲ್ಕು ವಾರಗಳ ಅಂತರದಲ್ಲಿ ಎರಡು. ಹಿಂದಿನ ಬಸಿರಿನಲ್ಲಿ ಹಾಕಿಸಿಕೊಂಡು ಮೂರು ವರ್ಷ ಕಳೆಯದಿದ್ದರೆ ಒಂದೇ ಸಾಕು. ಹಸುಗೂಸುಗಳ ಧನುರ್ವಾಯುವನ್ನು ಹತೋಟಿಗೆ ತಂದ ಕೀರ್ತಿಯಲ್ಲಿ ಆಂಧ್ರಪ್ರದೇಶವೇ ದೇಶದಲ್ಲಿ ಮೊದಲು, ೨೦೦೩ರಲ್ಲಿ. ಭಾರತವೆಲ್ಲ ಆ ಮಟ್ಟ ಮುಟ್ಟಿದ್ದು ೨೦೧೫ರಲ್ಲಿ.

ಮುಟ್ಟಬಾರದವು, ಬಿಡಬಾರದವು

ಪಶ್ಚಿಮ ಜರ್ಮನಿಯಲ್ಲಿ ೧೯೫೭ರಿಂದ ಮಾರಾಟವಾದ ಥಾಲಿಡೊಮೈಡ್ ಎಂಬ ಮಾತ್ರೆಯನ್ನು ಬಸುರಿಯರು ವಾಂತಿಗೂ ನಿದ್ರೆಗೂ ನುಂಗಿದರು. ಕೈಕಾಲು ಬೆಳೆಯದ ಸಾವಿರಾರು ಕೂಸುಗಳು ಹುಟ್ಟಿದ ಬಳಿಕ, ೧೯೬೧ರಲ್ಲಿ, ಅದನ್ನು ಹಿಂತೆಗೆದುಕೊಂಡರು. ಅಂಗಡಿಯವನನ್ನು ಕೇಳಿ ಮಾತ್ರೆ ನುಂಗುವವರು ಇದನ್ನು ನೆನಪಿಡಬೇಕು. ಐದು ತಿಂಗಳಾದ ಮೇಲೆ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಕೂಸಿನ ಮೂತ್ರಪಿಂಡಕ್ಕೆ ಕೇಡು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಬಸಿರಿನಲ್ಲಿ ಕೂಡದೇ ಕೂಡದು.

ಇನ್ನೊಂದು ಕಡೆ, ಮೂರ್ಛೆ ರೋಗ, ಥೈರಾಯಿಡ್, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವುಗಳಿಗೆ ಮೊದಲಿನಿಂದ ಔಷಧ ನಡೆಯುತ್ತಿದ್ದರೆ ಬಸಿರಾಯಿತೆಂದು ತಾವೇ ನಿಲ್ಲಿಸಬಾರದು. ಬದಲಿಸಬೇಕಾದುದನ್ನು ಡಾಕ್ಟರರು ಬದಲಿಸುತ್ತಾರೆ. ಕೂಡಲೇ ಹೋಗಿ ಕೇಳುವುದು ನಮ್ಮ ಕೆಲಸ.

ಬೇನೆಯ ವೇಳೆ

ಹೆರಿಗೆಯ ಕೋಣೆಯಲ್ಲಿ ಮುಖ್ಯವಾದುದು ಆಕ್ಸಿಟೋಸಿನ್. ಇದು ಗರ್ಭಕೋಶವನ್ನು ಹಿಂಡುವ ಮದ್ದು. ಕೂಸು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಯ ತೊಡೆಗೆ ೧೦ ಯೂನಿಟ್ ಕೊಟ್ಟರೆ ಗರ್ಭಕೋಶ ಬಿಗಿದು ರಕ್ತಸ್ರಾವ ತಗ್ಗುತ್ತದೆ. ಅದೇ ಮದ್ದನ್ನು ಕೂಸು ಹುಟ್ಟುವ ಮೊದಲು, ಬೇನೆ ಬೇಗ ಬರಲೆಂದು, ಮನೆಯಲ್ಲಿ ಯಾರಾದರೂ ಚುಚ್ಚಿದರೆ ಗರ್ಭಕೋಶ ಹರಿಯಬಹುದು, ಕೂಸಿಗೆ ಉಸಿರು ಕಟ್ಟಬಹುದು. ಹುಟ್ಟುವ ಮೊದಲು ಇದನ್ನು ಕೊಡುವುದಾದರೆ ಆಸ್ಪತ್ರೆಯಲ್ಲಿ, ಹನಿಹನಿಯಾಗಿ, ಕೂಸಿನ ಎದೆಬಡಿತ ನೋಡುತ್ತಲೇ ಕೊಡಬೇಕು. ಈ ಮದ್ದನ್ನು ೨ರಿಂದ ೮ ಡಿಗ್ರಿ ತಂಪಿನಲ್ಲಿ ಇಡಬೇಕೆಂಬುದೂ ಮುಖ್ಯ. ಬೆಜವಾಡದ ಬೇಸಿಗೆಯಲ್ಲಿ ಹೊರಗೆ ಬಿದ್ದಿದ್ದ ಸೀಸೆಯಲ್ಲಿ ಸತ್ವ ಉಳಿಯುವುದೆಂದು ನಂಬುವ ಹಾಗಿಲ್ಲ.

ಆದರೂ ರಕ್ತ ನಿಲ್ಲದಿದ್ದರೆ ಟ್ರಾನೆಕ್ಸಾಮಿಕ್ ಆಮ್ಲವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಅದು ಪ್ರಾಣ ಉಳಿಸುತ್ತದೆಂದು, ಇಪ್ಪತ್ತು ಸಾವಿರ ತಾಯಂದಿರ ಮೇಲೆ ನಡೆದು ೨೦೧೭ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ತಿಳಿದಿದೆ. ರಕ್ತ ಹೆಚ್ಚು ಹೋಗುತ್ತಿರುವಾಗ ಹಿರಿಯರು ಕೂಡಿ ಆಲೋಚಿಸುತ್ತ ಕೂಡುವುದು ಸಲ್ಲದು.

ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು ಇವು ರಕ್ತದೊತ್ತಡ ಏರಿ ಸೆಳವು ಬರುವ ಮುನ್ಸೂಚನೆಗಳು. ಇದಕ್ಕೆ ಮೆಗ್ನೀಸಿಯಂ ಸಲ್ಫೇಟ್ ಎಂಬ ಅಗ್ಗದ ಮದ್ದೇ ಬೇರೆಲ್ಲಕ್ಕಿಂತ ಮೇಲೆಂದು ೧೯೯೫ರಲ್ಲಿ ಸಿದ್ಧಪಟ್ಟಿತು. ಗಾಳಿಸೋಕೆಂದು ಮಂತ್ರ ಹಾಕಿಸುತ್ತ ಹೊತ್ತು ಕಳೆಯದೆ ೧೦೮ಕ್ಕೆ ಫೋನು ಮಾಡಿರಿ. ಆಂಧ್ರದಲ್ಲೂ ಕರ್ನಾಟಕದಲ್ಲೂ ಅದೇ ಸಂಖ್ಯೆ. ದಿನ ತುಂಬುವ ಮೊದಲೇ, ೩೪ ವಾರದೊಳಗೆ, ಬೇನೆ ಕಾಣಿಸಿದರೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಕೂಸಿನ ಶ್ವಾಸಕೋಶವನ್ನು ಬಲಪಡಿಸುತ್ತದೆ. ಹನ್ನೆರಡು ಗಂಟೆಗೊಂದರಂತೆ ನಾಲ್ಕು ಸಲ ಕೊಡಬೇಕಾದುದರಿಂದ ಬೇಗ ಹೋದವರಿಗೇ ಅದರ ಲಾಭ.

ಕೂಸಿಗೆ

ಹುಟ್ಟಿದ ಕೂಸಿಗೆ ಔಷಧ ಸ್ವಲ್ಪವೇ ಬೇಕು. ಕೆ ಜೀವಸತ್ವದ ಒಂದು ಚುಚ್ಚುಮದ್ದು, ಒಂದು ಮಿಲಿಗ್ರಾಮ್. ಇದಿಲ್ಲದಿದ್ದರೆ ಕೆಲವು ಕೂಸುಗಳಿಗೆ ಮಿದುಳಿನಲ್ಲೇ ರಕ್ತ ಒಸರಬಹುದು. ಇಪ್ಪತ್ತನಾಲ್ಕು ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ, ಜೊತೆಗೆ ಬಿ.ಸಿ.ಜಿ. ಮತ್ತು ಪೋಲಿಯೋ ಹನಿ. ತಾಯಿಯ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು. ಜೇನು, ಹರಳೆಣ್ಣೆ, ತೇಯ್ದ ಬಜೆ, ಗ್ರೈಪ್ ವಾಟರ್ ಯಾವುದೂ ಬೇಡ. ಹೊಕ್ಕುಳಿಗೆ ಬೂದಿ, ಅರಿಸಿನ, ಎಣ್ಣೆ ಹಚ್ಚದೆ ಒಣಗಲು ಬಿಡಬೇಕು. ಅಜ್ಜಿಯಂದಿರ ಅಕ್ಕರೆಯನ್ನು ನಾವು ಹೀಗಳೆಯುವುದಿಲ್ಲ. ಅವರ ಎಣ್ಣೆ ನೀರು, ಜೋಗುಳ, ಬಾಣಂತಿಗೆ ಬಿಸಿಯೂಟ ಎಲ್ಲ ಇರಲಿ. ಕೂಸಿನ ಬಾಯಿಗೂ ಹೊಕ್ಕುಳಿಗೂ ಮಾತ್ರ ಏನನ್ನೂ ಹಾಕದಿರಲಿ.

ತವರಿಗೆ ಹೊರಡುವಾಗ

ಸೀರೆ ಒಡವೆಗಳಿಗಿಂತ ಮೊದಲು ಆಸ್ಪತ್ರೆಯವರು ಕೊಟ್ಟ ತಾಯಿ ಕಾರ್ಡು ಚೀಲ ಸೇರಬೇಕು. ರಕ್ತದ ಗುಂಪು, ಹಿಮೋಗ್ಲೋಬಿನ್, ಹಾಕಿಸಿದ ಚುಚ್ಚುಮದ್ದಿನ ತಾರೀಖು ಎಲ್ಲವೂ ಅದರಲ್ಲಿ ಇರುತ್ತವೆ. ನುಂಗುತ್ತಿರುವ ಮಾತ್ರೆಗಳನ್ನು ಪೊಟ್ಟಣದಿಂದ ಬಿಡಿಸದೆ, ಒಂದು ತಿಂಗಳಿಗೆ ಸಾಲುವಷ್ಟು ಒಯ್ಯಬೇಕು. ಹೊರಡುವ ಮುನ್ನ ಒಮ್ಮೆ ತೋರಿಸಿಕೊಂಡರೆ ಲೇಸು. ಪ್ರತಿ ತಿಂಗಳ ೯ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಉಂಟು.

ಹೊಸದಾಗಿ ಬಂದ ಸೋದರಿಯರಿಗೆ ಇಲ್ಲಿಯ ದಾದಿಯರ ಮಾತಿನ ಎರಡು ಮೂರು ಪದಗಳು: ‘ಪರಗಡುಪುನ’ ಎಂದರೆ ಬರಿಹೊಟ್ಟೆಯಲ್ಲಿ, ‘ತಿನ್ನ ತರ್ವಾತ’ ಎಂದರೆ ಉಂಡ ಮೇಲೆ, ‘ರೆಂಡು ಪೂಟಲು’ ಎಂದರೆ ಎರಡು ಹೊತ್ತು. ತಿಳಿಯದಿದ್ದರೆ ಮತ್ತೊಮ್ಮೆ ಕೇಳಲು ನಾಚಿಕೆ ಬೇಡ.

ಇಲ್ಲಿ ಬರೆದ ಪ್ರಮಾಣಗಳು ತಿಳಿವಳಿಕೆಗಾಗಿ ಮಾತ್ರ. ಅವರವರ ದೇಹಸ್ಥಿತಿ ನೋಡಿ ನಿರ್ಧರಿಸುವವರು ಡಾಕ್ಟರರು. ಈ ಪುಟವನ್ನು ಓದಲು ಬಿಡುವಿಲ್ಲದ ಮನೆಯ ಹೆಂಗಸರಿಗೆ ಗಂಡಸರು ಓದಿ ಹೇಳಬೇಕೆಂದು ನಮ್ಮ ವಿಜ್ಞಾಪನೆ.