ಕತ್ತಲಾದ ಪರದೆಗೆ ಮನೆಮದ್ದು

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವನ ಮಾತು ಕೇಳಿ ನಗುವವರೇ, ಕಂಪ್ಯೂಟರಿನ ಪರದೆ ಒಂದು ದಿನ ಬೆಳಗದೆ ಹೋದರೆ ಅದನ್ನು ಅಟ್ಟಕ್ಕೇರಿಸಿ ಹೊಸದನ್ನು ಕೊಳ್ಳಲು ಹೊರಡುತ್ತಾರೆ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳ ಎಷ್ಟೋ ಮನೆಗಳಲ್ಲಿ ಇಂದು ಮಕ್ಕಳ ಪಾಠವೂ ಹಿರಿಯರ ಉದ್ಯೋಗವೂ ಕಂಪ್ಯೂಟರಿನ ಮುಂದೆಯೇ ನಡೆಯುತ್ತವೆ. ಅಂಥ ಯಂತ್ರದ ಮುಖ ಕಪ್ಪಾದಾಗ ಗಾಬರಿಯಾಗುವುದು ಸಹಜವೇ. ಆದರೆ ಸತ್ತಂತೆ ಕಾಣುವ ಮಾನಿಟರುಗಳೆಲ್ಲ ಸತ್ತಿರುವುದಿಲ್ಲ. ಅನೇಕ ವೇಳೆ ರೋಗ ಅಲ್ಪವಾದದ್ದು. ಅದನ್ನು ಗುರುತಿಸಲು ತಾಳ್ಮೆ ಬೇಕು. ಕೈ ಎಲ್ಲಿ ನಿಲ್ಲಬೇಕೆಂಬ ಅರಿವು ಅದಕ್ಕಿಂತಲೂ ಹೆಚ್ಚಾಗಿ ಬೇಕು.

ರೋಗಿ ಯಾರು?

ಪರದೆ ಬೆಳಗಲಿಲ್ಲವೆಂದ ಮಾತ್ರಕ್ಕೆ ದೋಷ ಮಾನಿಟರಿನದೇ ಎನ್ನಲಾಗದು. ಅದೇ ಸಾಕೆಟಿಗೆ ಮೇಜಿನ ದೀಪವೊಂದನ್ನು ಸಿಕ್ಕಿಸಿ ನೋಡಿದರೆ ವಿದ್ಯುತ್ತು ಬರುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಬಳಿಕ ಮಾನಿಟರಿನ ತಂತಿಗಳನ್ನು ಎರಡೂ ತುದಿಗಳಲ್ಲಿ ಬಿಡಿಸಿ ಮತ್ತೆ ಬಿಗಿಯಾಗಿ ಸೇರಿಸಬೇಕು. ಕಂಪ್ಯೂಟರಿನಿಂದ ಬರುವ ತಂತಿಯನ್ನು ತೆಗೆದು ಮಾನಿಟರನ್ನಷ್ಟೇ ಹಾಕಿದಾಗ, ಸಿಗ್ನಲ್ ಬರುತ್ತಿಲ್ಲವೆಂಬ ಬರಹ ಪರದೆಯ ಮೇಲೆ ಮೂಡಿತೆನ್ನಿ. ಆಗ ಪರದೆಯೂ ಅದರ ದೀಪವೂ ಬಹುಮಟ್ಟಿಗೆ ಕ್ಷೇಮವೆಂದೇ ತಿಳಿಯಬೇಕು. ತಪ್ಪು ತಂತಿಯಲ್ಲಿರಬಹುದು, ಇಲ್ಲವೆ ಕಂಪ್ಯೂಟರಿನಲ್ಲಿರಬಹುದು.

ಬರಹ ಮೂಡದಿದ್ದರೆ ಇನ್ನೊಂದು ಪರೀಕ್ಷೆಯುಂಟು. ತಂತಿಯನ್ನು ಮತ್ತೆ ಜೋಡಿಸಿ, ಕಂಪ್ಯೂಟರನ್ನು ನಡೆಸಿ, ಕೋಣೆಯನ್ನು ಕತ್ತಲೆ ಮಾಡಿ, ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಬೇಕು. ಅಕ್ಷರಗಳ ಮಸುಕಾದ ನೆರಳು ಕಂಡರೆ ಚಿತ್ರ ಮೂಡುತ್ತಿದೆ, ಬೆಳಕು ಮಾತ್ರ ಆರಿದೆ ಎಂದರ್ಥ. ಈ ಚಪ್ಪಟೆ ಪರದೆಯ ದ್ರವಸ್ಫಟಿಕಕ್ಕೆ ಸ್ವಂತ ಬೆಳಕಿಲ್ಲ. ಹಳೆಯ ಮಾದರಿಗಳಲ್ಲಿ ಸಪೂರವಾದ ಟ್ಯೂಬ್ ದೀಪಗಳೂ ಹೊಸವುಗಳಲ್ಲಿ ಎಲ್‌ಇಡಿಗಳೂ ಹಿಂದಿನಿಂದ ಅದನ್ನು ಬೆಳಗುತ್ತವೆ.

ಉಬ್ಬಿದ ಡಬ್ಬಿಗಳು

ಗುಂಡಿ ಒತ್ತಿದರೂ ಸೂಚಕ ದೀಪವೇ ಹತ್ತದಿದ್ದರೆ, ಅಥವಾ ಪರದೆ ಒಂದೆರಡು ಕ್ಷಣ ಬೆಳಗಿ ನಂದಿಹೋದರೆ, ಸಂದೇಹ ವಿದ್ಯುತ್ತನ್ನು ಒದಗಿಸುವ ಭಾಗದ ಕಡೆಗೆ ತಿರುಗುತ್ತದೆ. ಅಲ್ಲಿ ಬೆರಳ ತುದಿಯಷ್ಟು ದಪ್ಪದ, ಡಬ್ಬಿಯಾಕಾರದ ಕೆಪಾಸಿಟರುಗಳಿರುತ್ತವೆ. ಅವುಗಳ ಒಳಗಿನ ದ್ರವ ವರ್ಷಗಟ್ಟಲೆ ಬಿಸಿಗೆ ಸಿಕ್ಕಿ ಒಣಗುತ್ತದೆ, ತಲೆ ಉಬ್ಬುತ್ತದೆ, ಕೆಲವೊಮ್ಮೆ ಕಂದು ಬಣ್ಣದ ಕಲೆ ಸೋರಿ ನಿಲ್ಲುತ್ತದೆ. 1999ರಿಂದ 2007ರವರೆಗೆ ಇಂಥ ದೋಷಯುಕ್ತ ಕೆಪಾಸಿಟರುಗಳು ಜಗತ್ತಿನಾದ್ಯಂತ ಅಸಂಖ್ಯಾತ ಯಂತ್ರಗಳನ್ನು ಅಕಾಲದಲ್ಲಿ ಕೆಡಿಸಿದವು. ಅಲ್ಪ ಬೆಲೆಯ ಈ ಡಬ್ಬಿಯನ್ನು ಬದಲಿಸಿದರೆ ಎಷ್ಟೋ ಮಾನಿಟರುಗಳು ಮತ್ತೆ ಕಣ್ತೆರೆಯುತ್ತವೆ. ಹೊಸದು ಅದೇ ಬಗೆಯದಾಗಿರಬೇಕು. ಧಾರಣಶಕ್ತಿ ಹಳೆಯದರಷ್ಟೇ ಇರಬೇಕು. ಅದು ತಾಳಬಲ್ಲ ವೋಲ್ಟೇಜ್ ಹಳೆಯದಕ್ಕಿಂತ ಕಡಿಮೆಯಾಗಬಾರದು. ಪಟ್ಟಿಯ ಗುರುತಿರುವ ಋಣ ತುದಿಯನ್ನು ತಿರುವುಮುರುವಾಗಿ ಬೆಸೆದರೆ ಅನಾಹುತ.

ಕೈ ನಿಲ್ಲಬೇಕಾದ ಕಡೆ

ಇಲ್ಲಿಯೇ ಎಚ್ಚರ ಬೇಕು. ಮನೆಗೆ ಬರುವ 230 ವೋಲ್ಟಿನ ವಿದ್ಯುತ್ತು ಮಾನಿಟರಿನೊಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟುಗಳಾಗಿ ಶೇಖರವಾಗುತ್ತದೆ. ಪ್ಲಗ್ಗನ್ನು ಕಿತ್ತ ಮೇಲೂ ಅದು ಸ್ವಲ್ಪ ಕಾಲ ಅಲ್ಲಿ ಉಳಿದಿರಬಲ್ಲದು. ಬೆಸುಗೆಯ ಕೆಲಸವನ್ನೂ ಮೀಟರಿನಿಂದ ಅಳೆಯುವುದನ್ನೂ ಕಲಿಯದವರು ಮುಚ್ಚಳ ತೆರೆಯದಿರುವುದೇ ಲೇಸು. ಹೊರಗಿನ ಪರೀಕ್ಷೆಗಳನ್ನು ಮುಗಿಸಿ, ಕಂಡದ್ದನ್ನು ರಿಪೇರಿ ಅಂಗಡಿಯವರಿಗೆ ಬಿಡಿಸಿ ಹೇಳಿದರೆ ಅರ್ಧ ಕೆಲಸವಾದಂತೆಯೇ.

ಅಟ್ಟದ ಮೇಲೆ ಇನ್ನೂ ಉಳಿದಿರುವ, ಬೆನ್ನು ಉಬ್ಬಿದ ಹಳೆಯ ಗಾಜಿನ ಮಾನಿಟರನ್ನಂತೂ ಮನೆಯಲ್ಲಿ ತೆರೆಯಲೇಬಾರದು. ಅಂಥ ಚಿತ್ರನಳಿಗೆಗಳ ಪರಿಚಯ ಉತ್ತರ ಬೆಂಗಳೂರಿಗೆ ಹೊಸದಲ್ಲ. ಯಶವಂತಪುರದಾಚೆ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1970ರಲ್ಲಿ ಕಪ್ಪು-ಬಿಳುಪು ಟೆಲಿವಿಷನ್ನಿನ ಚಿತ್ರನಳಿಗೆಗಳ ತಯಾರಿಕೆಯನ್ನು ಆರಂಭಿಸಿತು. ಗಾಳಿಯನ್ನು ಪೂರ್ತಿ ಹೊರತೆಗೆದ ಆ ಗಾಜಿನ ಬುರುಡೆಯೊಳಗೆ ಎಲೆಕ್ಟ್ರಾನುಗಳು ಧಾವಿಸಿ ಪರದೆಯ ಲೇಪಕ್ಕೆ ಬಡಿದಾಗ ಬೆಳಕು ಹುಟ್ಟುತ್ತದೆ. ಅವುಗಳನ್ನು ಸೆಳೆಯಲು ಬಣ್ಣದ ಮಾನಿಟರಿನಲ್ಲಿ ಇಪ್ಪತ್ತು ಸಾವಿರ ವೋಲ್ಟುಗಳಿಗೂ ಮಿಕ್ಕಿದ ಒತ್ತಡ ಬೇಕಾಗುತ್ತದೆ. ನಳಿಗೆ ಒಡೆದರೆ ಗಾಜು ಸಿಡಿಯುತ್ತದೆ; ಆ ಗಾಜಿನಲ್ಲಿ ಸೀಸವೂ ಬೆರೆತಿರುತ್ತದೆ.

ಎಸೆಯುವ ಮುನ್ನ

ಕೆಟ್ಟ ವಸ್ತುವನ್ನು ಹತ್ತು ಜನ ಸೇರಿ ಸರಿಪಡಿಸುವ 'ರಿಪೇರಿ ಕೆಫೆ' ಎಂಬ ಸಂಪ್ರದಾಯವನ್ನು 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬ ಮಹಿಳೆ ಆರಂಭಿಸಿದರು. 2015ರಲ್ಲಿ ಅದು ಬೆಂಗಳೂರಿಗೂ ಬಂದಿತು. ಯಾವ ಚಿಕಿತ್ಸೆಗೂ ಬಗ್ಗದ ಮಾನಿಟರನ್ನು ಮನೆಯ ಕಸದೊಡನೆ ಸೇರಿಸಕೂಡದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಅದು ಸೇರಬೇಕಾದದ್ದು ನೋಂದಾಯಿತ ಸಂಸ್ಕರಣಕಾರರನ್ನು. ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾದ ಇ-ಪರಿಸರ ಘಟಕ ದೇಶದಲ್ಲಿ ಈ ಬಗೆಯ ಮೊದಮೊದಲ ಪ್ರಯತ್ನಗಳಲ್ಲೊಂದು.

ಅಲ್ಲಿಗೆ ಕಳುಹಿಸುವ ಮುನ್ನ ಒಂದು ಮೇಜಿನ ದೀಪ, ಒಂದು ಟಾರ್ಚು, ಅರ್ಧ ಗಂಟೆಯ ಬಿಡುವು, ಇಷ್ಟನ್ನು ಅದಕ್ಕಾಗಿ ಮೀಸಲಿಟ್ಟರೆ ನಷ್ಟವೇನೂ ಇಲ್ಲ. ಹೊಸ ಮಾನಿಟರಿಗೆಂದು ತೆಗೆದಿಟ್ಟ ಹಣ ಮನೆಯಲ್ಲಿಯೇ ಉಳಿದರೂ ಉಳಿಯಬಹುದು.